ಆರು ಕೀಲುಗಳ ಬಾಗಿಲು

ಅರಮನೆಯ ಮೇಲಂತಸ್ತಿನ ಪಡುವಣ ಕೋಣೆಯಿಂದ,
ಬಾಗಿಲು ಮುಚ್ಚಿದ ಮೂವತ್ತೆಂಟನೆಯ ದಿನ, ಮಧ್ಯಾಹ್ನ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಹಗ್ಗ ಹೊಸೆಯುವ ಅಂಗಡಿಯಲ್ಲಿ ನಾರಿನ ಧೂಳು ಗಂಟಲಿಗೆ ಕೂರುತ್ತದೆ ಎಂದು ಹೋದ ಸಲ ನೀನು ಬರೆದಿದ್ದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕಟ್ಟಿಕೊಳ್ಳುವ ಆಸಾಮಿಯಲ್ಲ, ನನಗೆ ಗೊತ್ತು. ಆದರೂ ಹೇಳುತ್ತೇನೆ, ಕಟ್ಟಿಕೋ. ಅಂಗೈಯ ಬೊಕ್ಕೆಗಳು ಒಣಗಿ ಇಷ್ಟು ಹೊತ್ತಿಗೆ ಗಟ್ಟಿಯಾಗಿರಬೇಕು. ರಾಜಕುಮಾರ ಹಗ್ಗ ಹೊಸೆಯುತ್ತಾನೆ ಎಂದು ದಾದಿಗೆ ಓದಿ ಹೇಳಿದಾಗ ಅವಳು ಅತ್ತಳು. ಆಮೇಲೆ, ಹೊಟ್ಟೆ ತುಂಬ ಊಟ ಹಾಕ್ತಾರಂತಾ ಕೇಳು ಅಂದಳು. ಹಾಕುತ್ತಾರಾ? ಕಾಗದ ಉದ್ದವಾದರೆ ಬೈಯಬೇಡ. ಇಲ್ಲಿ ಮಾತನಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಮಾತನಾಡಿದರೆ ಗಾಳಿ ಖರ್ಚಾಗುತ್ತದೆಂದು ಚಿಕ್ಕಪ್ಪ ಅದಕ್ಕೂ ತಡೆ ಹಾಕಿದ್ದಾರೆ. ಬರೆಯುವುದಕ್ಕೆ ಗಾಳಿ ಬೇಡವಲ್ಲ.

ಅಪ್ಪ ಹೋದ ಸುದ್ದಿ ನಿನಗೆ ಬೇರೆಯವರ ಬಾಯಿಂದ ಮುಟ್ಟಿರುತ್ತದೆ. ನಾನೇ ಮೊದಲು ಹೇಳಬೇಕಾಗಿತ್ತು, ಕ್ಷಮಿಸು. ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದ, ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ. ಮೊಂಡು ಹಿಡಿದಿದ್ದಾನೆ ಎಂದುಕೊಂಡು ಗದರಿಸಿದೆ ಕೂಡ. ಅಷ್ಟರಲ್ಲಿ ಕೆಳಗಿನಿಂದ ಸದ್ದು ಬಂತು. ದೊಡ್ಡ ಬಾಗಿಲಿನ ಎರಡು ಕದಗಳೂ ಯಾರೂ ಮುಟ್ಟದೆ ಬಂದು ಒಂದಕ್ಕೊಂದು ಕೂಡಿಕೊಂಡ ಸದ್ದು. ಅದನ್ನು ಕೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಕೈಯಲ್ಲಿ ಚಮಚ ಹಾಗೇ ಇತ್ತು.

ಆ ಹೊತ್ತಿಗೆ ಒಳಗಿದ್ದವರೆಲ್ಲ ಒಳಗೇ ಉಳಿದೆವು, ಒಟ್ಟು ಅರವತ್ತಮೂರು ಜನ. ಅಡುಗೆಯವರು, ಗುಮಾಸ್ತರು, ಕಾವಲಿನವರು, ಬಟ್ಟೆ ಒಗೆಯುವಾಕೆ. ಚಿಕ್ಕಪ್ಪನಿಗೆ ಒಂದು ಕ್ಷೌರ ಮಾಡಿ ಹೋಗೋಣ ಎಂದು ಬಂದಿದ್ದ ಕ್ಷೌರಿಕನೂ ಸಿಕ್ಕಿಬಿದ್ದ. ಪಾಪ, ಈಗ ಅರಮನೆಯ ಎಲ್ಲ ಗಡ್ಡಗಳೂ ಅವನ ಪಾಲಿಗೆ ಬಂದಿವೆ. ಕಿಟಕಿಗಳು ಮೊದಲ ದಿನವೇ ಒಂದು ಮೊಳಕ್ಕೆ ಕಿರಿದಾದವು. ಆಮೇಲೆ ದಿನಕ್ಕಿಷ್ಟು ಅಂತ ಗೋಡೆ ಅವುಗಳನ್ನು ನುಂಗುತ್ತಿದೆ. ನಮ್ಮ ಕೋಣೆಯ ಕಿಟಕಿ ಈಗ ಎರಡು ಬೆರಳಿನಷ್ಟು ಅಗಲವಿದೆ. ಬಟ್ಟೆ ಒಗೆಯುವ ಕಲ್ಲಿನ ಬಳಿಯ ಮೋರಿ ಒಂದು ಮುಷ್ಟಿಯಷ್ಟಾಗಿದೆ. ಅದರಲ್ಲೇ ಈ ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಹರಿಯಬಿಡುತ್ತೇನೆಂದು ಬಟ್ಟೆ ಒಗೆಯುವಾಕೆ ಮಾತು ಕೊಟ್ಟಿದ್ದಾಳೆ. ಹೊರಗೆ ಅವಳ ಅಕ್ಕ ದಿನವೂ ಮೋರಿಯ ಬಾಯಿ ಕಾಯುತ್ತಾಳಂತೆ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದು ಹೇಳಲಾಗುವುದಿಲ್ಲ. ರಾಜ ಸತ್ತೊಡನೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಅದು ಯಾರ ಕೈಗೆ ತೆರೆಯುತ್ತದೋ ಅವರದು ಸಿಂಹಾಸನ. ಆದರೆ ಬಾಗಿಲು ಯಾರದಾಯಿತೋ ಅವರು ಮತ್ತೆ ಅದನ್ನು ದಾಟುವಂತಿಲ್ಲ. ಅಪ್ಪ ಕಾಲೆತ್ತಿ ಹೊಸಿಲಿನಾಚೆ ಇಟ್ಟರೆ ಆ ಕಾಲು ಒಳಗೇ ಇಳಿಯುತ್ತಿತ್ತಲ್ಲ, ನಾವು ಚಿಕ್ಕವರಿದ್ದಾಗ ಅದನ್ನೊಂದು ಆಟವೆಂದುಕೊಂಡು ಮತ್ತೆ ಮಾಡು ಮತ್ತೆ ಮಾಡು ಎಂದು ಪೀಡಿಸುತ್ತಿದ್ದೆವು. ಅವನೂ ನಗುತ್ತಾ ಮಾಡಿ ತೋರಿಸುತ್ತಿದ್ದ. ಇಪ್ಪತ್ತೊಂಬತ್ತು ವರ್ಷ. ಹೊರಗಿನಿಂದ ಯಾರೇ ಬಂದರೂ ಅವನ ಮೊದಲ ಮಾತು ಒಂದೇ, ಬಿಸಿಲು ಜೋರಾಗಿದ್ಯಾ ಹೊರಗೆ? ದಿನಾ ಬೆಳಿಗ್ಗೆ ಬಾಗಿಲಿನ ಆರು ಕೀಲುಗಳಿಗೂ ಬರಿಗೈಯಲ್ಲಿ ಎಣ್ಣೆ ಹಚ್ಚುತ್ತಿದ್ದ. ಆ ಎಣ್ಣೆಯ ತಾಮ್ರದ ಬಟ್ಟಲನ್ನು ಇನ್ನೊಬ್ಬರ ಕೈಗೆ ಕೊಡುವಂತಿರಲಿಲ್ಲ. ಕಾಯಿಲೆ ಬಿದ್ದು ಕೈ ಮೇಲೇಳದಾದಾಗ ನಿನಗೆ ಕೊಟ್ಟ. ಮಾರನೆಯ ಬೆಳಿಗ್ಗೆ ಬಟ್ಟಲು ಹೊಸಿಲಿನ ಮೇಲಿತ್ತು, ನೀನಿರಲಿಲ್ಲ. ಕಾಲಿಗೆ ಬುದ್ಧಿ ಹೇಳಿದ್ದೆ. ಸಿಟ್ಟು ಬಂದಿತ್ತು, ಈಗಿಲ್ಲ. ಅಪ್ಪನೂ ಬೈಯಲಿಲ್ಲ. ಅವನಾದ್ರೂ ಹೋಗ್ಲಿ ಬಿಡು ಅಂದ, ಅಷ್ಟೇ. ಬಟ್ಟಲು ನನ್ನ ಕೈಗೆ ಬಂತು.

ಈಗ ಚಿಕ್ಕಪ್ಪನ ವಿಷಯ. ಬಾಗಿಲು ಮುಚ್ಚಿದ ಮೂರನೆಯ ದಿನವೇ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಬಂದು ಬಾಗಿಲಿಗೆ ಕೈ ಇಟ್ಟರು. ಚಪ್ಪಲಿ ಎರಡು ಬೆರಳು ದೊಡ್ಡದು, ಜಾರಿ ಬೀಳುವುದರಲ್ಲಿದ್ದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಮಾರನೆಯ ದಿನ ಕೈ ತೊಳೆದು ಬಂದರು, ಅದರ ಮರುದಿನ ಬೂದಿ ಹಾಕಿ ಉಜ್ಜಿಕೊಂಡು ಬಂದರು, ಆಮೇಲೆ ಎಡಗೈ ಕೂಡ ಇಟ್ಟು ನೋಡಿದರು. ಹತ್ತನೆಯ ದಿನ ಎಲ್ಲರೂ ಸೇರಿ ನನ್ನನ್ನು ಕರೆತಂದರು. ನಾನು ಅಪ್ಪನ ಮಗಳು, ಐದು ತಿಂಗಳಿಗೆ ಹತ್ತಿರ ಬಟ್ಟಲು ಹಿಡಿದವಳು. ಅನುಮಾನವೇ ಇರಲಿಲ್ಲ ಯಾರಿಗೂ. ಅಡುಗೆಯವರು ಹೊರಗೆ ಹೋಗುವ ಗಂಟು ಕಟ್ಟಿಕೊಂಡೇ ನಿಂತಿದ್ದರು. ಕೈ ಇಟ್ಟೆ. ತಣ್ಣಗಿತ್ತು. ಏನೂ ಆಗಲಿಲ್ಲ. ಅಷ್ಟೂ ಜನ ನನ್ನ ಬೆನ್ನನ್ನು ನೋಡುತ್ತಿದ್ದರು, ನನಗೆ ಹಿಂದಿರುಗುವುದಕ್ಕೇ ಮುಖವಿರಲಿಲ್ಲ. ಚಿಕ್ಕಪ್ಪ ಎಲ್ಲರ ಮುಂದೆ, ರಕ್ತದಲ್ಲೇ ಕಲಬೆರಕೆ ಇದೆ ಅಂದ್ರೆ ಬಾಗಿಲು ಏನ್ ಮಾಡುತ್ತೆ ಪಾಪ, ಅಂದರು. ಸತ್ತು ಹೋದ ಅಮ್ಮನ ಬಗ್ಗೆ ಅಂದದ್ದು ಅದು. ಬಾಗಿಲಿನ ಮೇಲೆ ಬಾರದ ಸಿಟ್ಟು ಅವರ ಮೇಲೆ ಬಂತು.

ಬಾಗಿಲು ಯಾಕೆ ತೆರೆಯಲಿಲ್ಲ ಎನ್ನುವುದು ನನಗೆ ಈಗ ಗೊತ್ತು. ಅದನ್ನು ಹೇಳಬೇಕೆಂದರೆ ಅವಳ ವಿಷಯ ಹೇಳಬೇಕು. ನಿನಗೆಂದು ನದಿಯಾಚೆಯ ರಾಜ್ಯದಿಂದ ಕರೆಸಿದ್ದ ರಾಜಕುಮಾರಿ, ಎಲ್ಲರೂ ಅತಿಥಿ ಎಂದೇ ಕರೆಯುವವಳು. ನೀನು ಅವಳನ್ನು ಎರಡು ಸಲ ನೋಡಿದ್ದೀಯ, ಎರಡು ಸಲವೂ ಕುದುರೆಯ ಗೊರಸಿನ ವಿಷಯ ಮಾತನಾಡಿದ್ದೀಯ. ಅವಳು ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಮದುಮಗ ಓಡಿಹೋದ ಮೇಲೆ ಅವಳನ್ನು ವಾಪಸ್ ಕಳಿಸಬೇಕಿತ್ತು. ಕಳಿಸಿದರೆ ಅವಳಪ್ಪ ದಂಡು ತರುತ್ತಾನೆಂದು ಚಿಕ್ಕಪ್ಪ ಬಿಡಲಿಲ್ಲ. ಹಾಗಾಗಿ ಅತಿಥಿ ಎಂಬ ಹೆಸರಿನ ಕೈದಿ. ತುಂಬ ಎತ್ತರ, ನಮ್ಮ ಬಾಗಿಲವಾಡಗಳಿಗೆಲ್ಲ ಒಂದು ಸುತ್ತು ತಲೆ ಬಡಿಸಿಕೊಂಡಾಗಿದೆ. ನಗಬಾರದ ಕಡೆ ನಗು ಬರುತ್ತದೆ ಅವಳಿಗೆ.

ಬಟ್ಟಲು ನನ್ನ ಕೈಗೆ ಬಂದ ಹನ್ನೊಂದನೆಯ ದಿನ ಕಾಗದಕ್ಕೆ ಮುದ್ರೆ ಒತ್ತುವಾಗ ಕುದಿಯುವ ಅರಗು ಬಲಗೈ ಮೇಲೆ ಚೆಲ್ಲಿತು. ಮಾರನೆಯ ಬೆಳಿಗ್ಗೆ ಪಟ್ಟಿ ಸುತ್ತಿದ ಕೈಯಲ್ಲಿ ಕೀಲಿನ ಜೊತೆ ಒದ್ದಾಡುತ್ತಿದ್ದಾಗ ಅವಳು ಬಂದು, ಕೊಡಿಲ್ಲಿ, ಎಂದು ಬಟ್ಟಲು ಕಿತ್ತುಕೊಂಡಳು. ತಪ್ಪು ಎಂದೆ. ಎಣ್ಣೆಗೆ ಏನ್ ಗೊತ್ತಾಗುತ್ತೆ ಯಾರ ಕೈ ಅಂತ, ಅಂದಳು. ಅವಳು ಹಚ್ಚುವುದು, ನಾನು ಹೊಸಿಲ ಮೇಲೆ ಕೂತು ಯಾರಾದರೂ ಬರುತ್ತಾರೇನೋ ಎಂದು ನೋಡುವುದು, ಹೀಗೆ ನಡೆಯಿತು. ಆರು ಕೀಲಿಗೂ ಅವಳು ತನ್ನ ಮನೆಯ ಹೆಂಗಸರ ಹೆಸರಿಟ್ಟಿದ್ದಳು. ಮೂರನೆಯದು ನಮ್ ಸೋದರತ್ತೆ, ಎಷ್ಟು ಹಚ್ಚಿದ್ರೂ ಗೊಣಗಾಟ ನಿಲ್ಲಲ್ಲ, ಅನ್ನುತ್ತಿದ್ದಳು. ಆ ಬೆಳಗುಗಳಲ್ಲಿ ನಾನು ನಕ್ಕಷ್ಟು ಈ ಮನೆಯಲ್ಲಿ ಯಾವತ್ತೂ ನಕ್ಕಿರಲಿಲ್ಲ. ಅಣ್ಣಾ, ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಅವಳೆಂದರೆ ಪ್ರಾಣ. ಅವಳಿಗೂ ಹಾಗೇ. ಒಂದು ದಿನ ಎಣ್ಣೆಗೈಯಲ್ಲೇ ನನ್ನ ಗಲ್ಲ ಹಿಡಿದಳು, ಆ ದಿನವೆಲ್ಲ ನಾನು ಮುಖ ತೊಳೆಯಲಿಲ್ಲ. ದಾದಿ ಏನೇ ಇದು ಮುಖಕ್ಕೆ ಅಂದದ್ದಕ್ಕೆ ಮೊಡವೆಗೆ ಔಷಧಿ ಅಂದೆ.

ಮತ್ತೆ, ನನ್ನ ಕೈ ಒಂದು ತಿಂಗಳಲ್ಲೇ ವಾಸಿಯಾಗಿತ್ತು. ನಾನು ಪಟ್ಟಿ ಬಿಚ್ಚಲಿಲ್ಲ. ಬಿಚ್ಚಿದರೆ ಬಟ್ಟಲು ವಾಪಸ್ ಇಸಿದುಕೊಳ್ಳಬೇಕು, ಅವಳು ಬೆಳಿಗ್ಗೆ ಕೆಳಗೆ ಬರುವುದಕ್ಕೆ ನೆಪವಿರುವುದಿಲ್ಲ. ಅವಳಿಗೂ ಹೇಳಲಿಲ್ಲ. ಅಪ್ಪ ಹೋಗುವವರೆಗೆ ನೂರ ಮೂವತ್ತು ಬೆಳಗು ಅವಳೇ ಹಚ್ಚಿದಳು.

ನನ್ನ ಕೈಗೆ ಬಾಗಿಲು ತೆರೆಯದ ದಿನ ಸಂಜೆ, ಬಾಗಿಲು ಗುಡಿಸುವ ಮುದುಕಿ ನನ್ನನ್ನು ಕಂಬದ ಮರೆಗೆ ಎಳೆದುಕೊಂಡಳು. ಅಜ್ಜನ ಕಾಲದಿಂದ ಗುಡಿಸುತ್ತಿರುವವಳು, ಯಾರ ಮುಂದೂ ಬಾಯಿ ಬಿಡದವಳು. ಬಾಗಿಲಿಗೆ ರಕ್ತದ ವಾಸನೆ ಕಟ್ಕೊಂಡು ಏನವ್ವ ಆಗ್ಬೇಕು? ಅದಕ್ಕೆ ಗೊತ್ತಿರೋದು ಕೈ. ನೂರು ದಿನ ಯಾರು ಹಚ್ಚಿದ್ರೋ ಅವ್ರದು, ಅಂದಳು. ಅಜ್ಜ ಸಾಯುವ ಮೊದಲು ಒಂದು ವಾರ ತೋಟದಲ್ಲಿ ತಿರುಗಾಡಿದ್ದನಂತಲ್ಲ, ದೇವರು ಕೊನೆಗಾಲದಲ್ಲಿ ಬಿಡುಗಡೆ ಕೊಟ್ಟ ಎಂದು ಎಲ್ಲರೂ ಹೇಳುತ್ತಾರಲ್ಲ, ದೇವರೂ ಇಲ್ಲ ಏನೂ ಇಲ್ಲ. ಅಜ್ಜ ಮಲಗಿದ್ದಾಗ ಅಪ್ಪ ನೂರು ದಿನ ಎಣ್ಣೆ ಹಚ್ಚಿದ್ದ, ಬಾಗಿಲು ಅಪ್ಪನದಾಗಿತ್ತು, ಅಜ್ಜನನ್ನು ಬಿಟ್ಟಿತ್ತು. ಇಷ್ಟು ತಲೆಮಾರು ನಾವು ವಂಶ, ರಕ್ತ ಎಂದು ಎದೆ ಸೆಟೆಸಿಕೊಂಡು ತಿರುಗಿದ್ದು ಎಣ್ಣೆಗೈಯ ಮಹಿಮೆ.

ಅದು ಗೊತ್ತಾದಾಗ ಮೊದಲು ಹೊಳೆದದ್ದು ಬಾಗಿಲು ಅವಳದೆಂದಲ್ಲ. ಅಪ್ಪ ಕೊನೆಯ ಒಂದು ತಿಂಗಳು ಹೊರಗೆ ಹೋಗಬಹುದಿತ್ತು ಎಂದು. ಮಂಚ ಸಮೇತ ಎತ್ತಿ ಅಂಗಳಕ್ಕಿಟ್ಟಿದ್ದರೆ ಆಗುತ್ತಿತ್ತು. ಸಾಯುವ ಹಿಂದಿನ ದಿನ ಕೂಡ ನನ್ನನ್ನು ಕೇಳಿದ್ದ, ಬಿಸಿಲು ಜೋರಾಗಿದ್ಯಾ ಎಂದು. ಹೌದಪ್ಪ ಅಂದು ಗಂಜಿ ಆರಿಸುತ್ತಾ ಕೂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೊಬ್ಬನಿಗೇ. ನೀನೂ ಅಳು ಸ್ವಲ್ಪ.

ಆಮೇಲೆ ಅವಳ ವಿಷಯ ಹೊಳೆಯಿತು. ಅಪ್ಪ ಹೋಗುವ ಹತ್ತು ದಿನದ ಮುಂಚೆ ಅವಳು ಅಂಗಳಕ್ಕೆ ಇಳಿಯಲು ಹೋಗಿ ಎರಡು ಸಲ ಹೊಸಿಲಲ್ಲೇ ಮುಗ್ಗರಿಸಿದ್ದಳು. ಉದ್ದ ಕಾಲು, ಗುರಿ ಇಲ್ಲ ಎಂದು ನಾನು ತಮಾಷೆ ಮಾಡಿದ್ದೆ. ಅವಳಿಗೆ ತಿಳಿಸಿದೆ. ಪಟ್ಟಿಯ ವಿಷಯವನ್ನೂ ತಿಳಿಸಿದೆ, ಅವಳ ಕಾಲ ಮೇಲೆ ತಲೆಯಿಟ್ಟು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಅವಳಮ್ಮನಿಗೆ ಕಣ್ಣು ಹೋಗುತ್ತಿದೆ, ಪೂರ್ತಿ ಹೋಗುವುದರೊಳಗೆ ಒಂದು ಸಲ ಬಂದು ಮುಖ ತೋರಿಸುತ್ತೇನೆಂದು ಹೇಳಿ ಬಂದಿದ್ದಳು. ನಾವಿಬ್ಬರೂ ಒಟ್ಟಿಗೆ ದೋಣಿ ಹತ್ತಿ ಅಲ್ಲಿಗೆ ಹೋಗುವುದೆಂದು ದಿನ ಎಣಿಸುತ್ತಿದ್ದೆವು. ಬಾಗಿಲಿಗೆ ಅವಳು ಕೈ ಇಟ್ಟರೆ ಎಲ್ಲರೂ ಹೊರಗೆ, ಅವಳೊಬ್ಬಳು ಜೀವಮಾನವಿಡೀ ಒಳಗೆ. ಮಾರನೆಯ ದಿನ ಅವಳೇ ಅಂದಳು, ಕೈ ನಂದು ತಾನೆ, ತೆಗೀತೀನಿ ಬಿಡು. ಬೇಡ ಎಂದೆ. ಇನ್ನೊಂದು ದಿನ ನೋಡೋಣ ಎಂದೆ, ಅದರ ಮರುದಿನವೂ ಅದನ್ನೇ ಹೇಳಿದೆ. ಹೀಗೆ ಇಪ್ಪತ್ತೇಳು ದಿನ ಅರವತ್ತೊಂದು ಜನರ ಗಾಳಿಯನ್ನು ನಾನೊಬ್ಬಳು ನುಂಗಿದ್ದೇನೆ. ದಾದಿಗೆ ಎರಡು ದಿನದಿಂದ ಉಸಿರು ಕಟ್ಟುತ್ತಿದೆ, ತುಟಿ ನೀಲಿಯಾಗಿದೆಯಂತೆ. ಅವಳು ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು. ಅವಳಿಗೆ ಮುಖ ತೋರಿಸಲು ನನಗೆ ಭಯ.

ಚಿಕ್ಕಪ್ಪ ಅತಿಥಿಯ ಕಾಲ್ಗುಣವೇ ಸರಿಯಿಲ್ಲವೆಂದು ಅವಳನ್ನೂ, ನನ್ನ ರಕ್ತ ಸರಿಯಿಲ್ಲವೆಂದು ನನ್ನನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಜನ್ಮದಲ್ಲಿ ಅವರು ನನಗೆ ಮಾಡಿದ ಒಂದೇ ಉಪಕಾರ, ಅದೂ ಶಿಕ್ಷೆ ಎಂದುಕೊಂಡು. ಆದರೆ ಈ ಕೋಣೆ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದೆ, ನಿಜವಾಗಿಯೂ. ಮೊದಲು ಗೋಡೆಯಿಂದ ಗೋಡೆಗೆ ಒಂಬತ್ತು ಹೆಜ್ಜೆ, ಇವತ್ತು ಆರೂವರೆ. ಅವಳು ಮಲಗಿದರೆ ಕಾಲು ಮಡಚಬೇಕು. ಕಿಟಕಿಗೆ ಒಬ್ಬರಾದ ಮೇಲೊಬ್ಬರು ಮೂಗಿಟ್ಟು ಉಸಿರಾಡುತ್ತೇವೆ. ಇವತ್ತು ಬೆಳಿಗ್ಗೆ ಕಾವಲಿನವನು ಸುದ್ದಿ ತಂದ. ನಾಳೆ ಚಿಕ್ಕಪ್ಪ ಬಾಗಿಲಿಗೆ ಎಣ್ಣೆ ಸುರಿದು ಬೆಂಕಿ ಹಚ್ಚುತ್ತಾರಂತೆ. ಮುಚ್ಚಿದ ಮನೆಯೊಳಗೆ ಬೆಂಕಿ! ಬಾಗಿಲಿಗಿಂತ ಮೊದಲು ನಾವು ಸಾಯುತ್ತೇವೆ ಎನ್ನುವಷ್ಟು ಬುದ್ಧಿಯೂ ಆ ಮನುಷ್ಯನಿಗೆ ಉಳಿದಿಲ್ಲ. ಮುಳ್ಳಿನಂತೆ ಗಡ್ಡ ಬಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಾರೆ. ಕ್ಷೌರಿಕ ಕತ್ತಿ ಹಿಡಿದು ಹತ್ತಿರ ಬರುವುದು ಬೇಡವಂತೆ. ಒಂದೊಂದು ಸಲ ಅವರನ್ನು ನೋಡಿದರೂ ಅಯ್ಯೋ ಅನ್ನಿಸುತ್ತದೆ.

ಆದ್ದರಿಂದ ನಾಳೆ ಅವಳು ಕೈ ಇಡುತ್ತಾಳೆ. ಕೋಣೆಯ ಅಗುಳಿ ತೆಗೆಯಲು ಸುದ್ದಿ ತಂದ ಕಾವಲಿನವನೇ ಒಪ್ಪಿದ್ದಾನೆ. ಈಗ ಗೋಡೆಗೆ ಒರಗಿ ಕೂತು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟ. ನಿಮ್ಮಣ್ಣನಿಗೆ ಗೊರಸಿನ ವಿಷಯ ಕೇಳಿದೆ ಅಂತ ಬರಿ, ಎನ್ನುತ್ತಿದ್ದಾಳೆ. ಬರೆದಿದ್ದೇನೆ. ನಾನು ಹೊರಗೆ ಹೋಗಬಹುದು, ಬಾಗಿಲಿಗೆ ನನ್ನ ಗೊಡವೆಯಿಲ್ಲ. ಆದರೆ ಅವಳಿಲ್ಲದ ಹೊರಗೆ ಹೋಗಿ ನಾನೇನು ಮಾಡಲಿ? ಅವಳ ಜೊತೆ ಒಳಗೇ ಇರುತ್ತೇನೆ. ಅವಳನ್ನು ಇಲ್ಲಿ ಸಿಕ್ಕಿಸಿದವಳು ನಾನೇ ಎನ್ನುವುದನ್ನೂ ದಿನಾ ನೋಡುತ್ತಾ ಇರುತ್ತೇನೆ. ನೀನು ನಮ್ಮ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನೀನಾದರೂ ಬಿಸಿಲಿನಲ್ಲಿದ್ದೀಯಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಹೊಸೆಯುವಾಗ ಬಟ್ಟೆ ಕಟ್ಟಿಕೋ, ಅಂಗಡಿಯ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ದಾದಿ ಎರಡೂ ಕೈ ನಿನ್ನ ತಲೆ ಮೇಲಿಟ್ಟಿದ್ದೇನೆಂದು ಬರೆಯಲು ಹೇಳಿಕಳಿಸಿದ್ದಾಳೆ. ತಲೆ ಬಗ್ಗಿಸಿಕೊಂಡು ಓದು.

ಎಂದೆಂದಿಗೂ ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಅಣ್ಣಾ, ಕಾಗದ ಮೋರಿಯಲ್ಲಿ ಹೋಗಲಿಲ್ಲ, ಸಂಜೆಯ ಹೊತ್ತಿಗೆ ಮೋರಿ ಹೆಬ್ಬೆರಳಿನಷ್ಟಾಗಿತ್ತು. ಈಗ ಮರುದಿನ, ಬಾಗಿಲಿನಿಂದಲೇ ಕಳಿಸುತ್ತಿದ್ದೇನೆ, ಬಟ್ಟೆ ಒಗೆಯುವಾಕೆ ಹೊರಡಲು ಗಡಿಬಿಡಿ ಮಾಡುತ್ತಿದ್ದಾಳೆ. ಬಾಗಿಲು ತೆರೆಯಿತು. ಅವಳು ಪಂಜಿನ ಮುಂದೆ ಹೋಗಿ ನಿಂತು ಬರೀ ಎರಡು ಬೆರಳು ಮುಟ್ಟಿಸಿದಳು, ಅಷ್ಟಕ್ಕೇ. ಎಲ್ಲರಿಗಿಂತ ಮೊದಲು ಹೊರಗೆ ಓಡಿದವರು ಚಿಕ್ಕಪ್ಪ, ಒಂದು ಚಪ್ಪಲಿ ಇಲ್ಲೇ ಬಿಟ್ಟು. ಆಮೇಲೆ ನೆನಪಾಗಿ ಸಿಂಹಾಸನ ಕೇಳಲು ವಾಪಸ್ ಬಂದರು, ಬಾಗಿಲು ಮುಖಕ್ಕೆ ಮುಚ್ಚಿಕೊಂಡಿತು, ಅವರು ಹೋದ ಮೇಲೆಯೇ ಮತ್ತೆ ತೆರೆದದ್ದು. ದಾದಿ ಅಂಗಳದಲ್ಲಿ ಮಲಗಿದ್ದಾಳೆ, ತುಟಿಗೆ ಬಣ್ಣ ಬಂದಿದೆ. ನಾನೂ ಹೊರಗೆ ಹೋಗಿ ನಿಂತೆ. ತಿರುಗಿ ನೋಡಿದರೆ ಅವಳು ಹೊಸಿಲಿನಲ್ಲಿ ಕಾಲೆತ್ತುವುದು, ಇಡುವುದು, ಕಾಲೆತ್ತುವುದು, ಇಡುವುದು. ನಗುತ್ತಾ ಮಾಡುತ್ತಿದ್ದಳು, ಥೇಟ್ ಅಪ್ಪ. ನನ್ನಿಂದ ನೋಡಲಾಗಲಿಲ್ಲ, ಒಳಗೆ ಓಡಿ ಬಟ್ಟಲು ಕಿತ್ತುಕೊಂಡೆ. ಇವತ್ತಿನಿಂದ ನಾನು ಹಚ್ಚುತ್ತೇನೆ. ನೂರು ದಿನಕ್ಕೆ ಬಾಗಿಲು ನನ್ನದಾಗುತ್ತದೆ, ಅವಳು ಹೋಗಿ ಅಮ್ಮನನ್ನು ನೋಡಬಹುದು. ಬಂದ ಮೇಲೆ ಅವಳು ಹಚ್ಚಲಿ, ನಾನು ಹೋಗುತ್ತೇನೆ. ಇಷ್ಟು ಜನ ರಾಜರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ, ಕೈ ಆಡುವಾಗಲೇ ಬಟ್ಟಲನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ತಾನೇ ಹೊಳೆಯುವುದು. ಆದರೆ ನಾವಿಬ್ಬರೇ ಇರುವವರೆಗೆ ಯಾವಾಗಲೂ ಒಬ್ಬಳು ಒಳಗೆ, ಒಬ್ಬಳು ಹೊರಗೆ. ಇಬ್ಬರೂ ಒಂದೇ ದೋಣಿಯಲ್ಲಿ ಕೂರಬೇಕೆಂದರೆ ಮೂರನೆಯ ಕೈ ಬೇಕು. ಬಾ ಅಣ್ಣಾ. ನಾನು ಕೇಳುವುದು ನಿನ್ನ ಜೀವಮಾನವಲ್ಲ, ಒಂದು ವರ್ಷ. ನೂರು ದಿನ ಹಚ್ಚು, ನಾವು ಹೋಗಿ ಬರುವವರೆಗೆ ಒಳಗಿರು, ಬಂದ ದಿನವೇ ಬಟ್ಟಲು ನಿನ್ನ ಕೈಯಿಂದ ಇಸಿದುಕೊಂಡು ಹಚ್ಚಲು ಶುರು ಮಾಡುತ್ತೇನೆ, ನೂರು ತುಂಬಿದ ಬೆಳಿಗ್ಗೆ ನೀನು ನಿನ್ನ ಹಗ್ಗದ ಅಂಗಡಿಗೆ ಹೊರಡು. ನಿನ್ನ ಭಯ ನನಗೆ ಗೊತ್ತು. ಒಳಗೆ ಬಿಟ್ಟು ಹೋದವರು ತಿರುಗಿ ಬರದಿದ್ದರೆ ಎಂದು ತಾನೆ? ನೀನು ಬರಲಿಲ್ಲ. ನಾನು ಬರುತ್ತೇನೆ.